ಹಳೆ ತಲೆನೋವಿಗೆ ಚೀನಿ ಸೂಜಿ, ಚೀನಿ ಕಷಾಯ: ಯಾವುದನ್ನು ಎಷ್ಟು ನಂಬಬಹುದು?

ತಲೆನೋವು ಅಂತ ಚೀನಿ ಪದ್ಧತಿಯ ವೈದ್ಯರ ಹತ್ತಿರ ಹೋದರೆ ಅವರ ಮೊದಲ ಪ್ರಶ್ನೆ ನಮ್ಮೂರಿನ ಡಾಕ್ಟರ್ ಕೇಳುವಂಥದ್ದೇ. ಎಲ್ಲಿ ನೋವು? ಹಿಂದಲೆಯಲ್ಲೋ, ಹಣೆಯಲ್ಲೋ, ಕಣತಲೆಯಲ್ಲೋ, ನೆತ್ತಿಯಲ್ಲೋ? ಆಮೇಲಿನ ಪ್ರಶ್ನೆಗಳು ಬೇರೆ ದಾರಿ ಹಿಡಿಯುತ್ತವೆ. ಗಾಳಿಗೆ ಹೋದರೆ ಜಾಸ್ತಿ ಆಗುತ್ತದಾ? ಬಿಸಿ ಬಟ್ಟೆ ಹಿತವೋ, ತಣ್ಣೀರು ಹಿತವೋ? ಒತ್ತಿ ಹಿಡಿದರೆ ಕಡಿಮೆ ಆಗುತ್ತದಾ, ಇಲ್ಲ ಮುಟ್ಟಿದರೇ ಆಗುವುದಿಲ್ಲವಾ? ಸಿಟ್ಟು ಬಂದ ದಿನ ಬರುತ್ತದಾ? ನಿದ್ದೆ ಹೇಗೆ, ಹೊಟ್ಟೆ ಹೇಗೆ, ಮುಟ್ಟು ಹೇಗೆ? ನಾಲಿಗೆ ಚಾಚಿ ಅನ್ನುತ್ತಾರೆ, ಅದರ ಬಣ್ಣ, ಮೇಲಿನ ಪದರ ನೋಡುತ್ತಾರೆ. ಎರಡೂ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ, ಅದೂ ನಿಧಾನವಾಗಿ.

ಇಷ್ಟೆಲ್ಲ ಆದ ಮೇಲೆ ರೋಗಿಗೆ ಸಿಗುವುದು ಎರಡು. ಒಂದು, ಸೂಜಿ ಚುಚ್ಚುವ ಅಕ್ಯುಪಂಕ್ಚರ್. ಇನ್ನೊಂದು, ಬೇರು, ತೊಗಟೆ, ಎಲೆಗಳ ಪೊಟ್ಟಣ. ಎಷ್ಟೋ ಸಲ ಎರಡೂ ಒಟ್ಟಿಗೆ. ಚೀನಿ ವೈದ್ಯದ ಬಗ್ಗೆ ಜಗಳ ಶುರುವಾದರೆ ಜನ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ. ಹೊಗಳುವವರೂ ಹಾಗೇ, ಬೈಯುವವರೂ ಹಾಗೇ. ತಲೆನೋವಿನ ಮಟ್ಟಿಗೆ ಇವು ಬೇರೆ ಬೇರೆ ಲೆಕ್ಕ. ಸೂಜಿಯನ್ನು ಸಾವಿರಾರು ರೋಗಿಗಳ ಮೇಲೆ ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. ಕಷಾಯಕ್ಕೆ ಅಷ್ಟು ಗಟ್ಟಿಯಾದ ಪುರಾವೆ ಇಲ್ಲ, ಅಪಾಯ ಮಾತ್ರ ಅಲ್ಲೇ ಜಾಸ್ತಿ.

ಯಾವ ತಲೆನೋವಿನ ಮಾತು ಇದು

ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ತಲೆ ನೋಯುತ್ತಿದ್ದು, 3 ತಿಂಗಳು ದಾಟಿದರೂ ಹಾಗೇ ಇದ್ದರೆ ವೈದ್ಯರು ಅದನ್ನು ದೀರ್ಘಕಾಲದ ತಲೆನೋವು ಎನ್ನುತ್ತಾರೆ. ಅದರಲ್ಲಿ 8 ದಿನವಾದರೂ ಮೈಗ್ರೇನ್ ಲಕ್ಷಣ ಇದ್ದರೆ ದೀರ್ಘಕಾಲದ ಮೈಗ್ರೇನ್. ಮೈಗ್ರೇನ್ ಅಂದರೆ ನಮ್ಮ ಅರೆತಲೆನೋವು. ಸಾಮಾನ್ಯವಾಗಿ ಒಂದು ಪಕ್ಕ ಮಿಡಿಯುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಸದ್ದು ಬೇಡವಾಗುತ್ತದೆ. ಇನ್ನೊಂದು ದೊಡ್ಡ ಬಗೆ ಒತ್ತಡದ ತಲೆನೋವು. ತಲೆಯ ಸುತ್ತ ಪಟ್ಟಿ ಬಿಗಿದ ಹಾಗೆ, ಎರಡೂ ಕಡೆ, ಮಂದವಾಗಿ ನೋಯುತ್ತದೆ.

ಇದು ಎಷ್ಟು ಜನರನ್ನು ಕಾಡುತ್ತದೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ನಿಮ್ಹಾನ್ಸ್‌ನವರು ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ಮನೆ ಮನೆಗೆ ಹೋಗಿ 2,329 ವಯಸ್ಕರನ್ನು ಕೇಳಿದ್ದರು. ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಕಂಡವರು ಶೇ. 25ರಷ್ಟು. ತಿಂಗಳಿಗೆ 15 ದಿನ ಮೀರಿ ನರಳುವವರು ಶೇ. 3ರಷ್ಟು. ನೂರಕ್ಕೆ ಮೂರು ಅಂದರೆ ಕಡಿಮೆ ಅನ್ನಿಸಬಹುದು. ಇಡೀ ರಾಜ್ಯಕ್ಕೆ ಹರಡಿ ನೋಡಿ, ಲಕ್ಷಗಳ ಲೆಕ್ಕ ಬರುತ್ತದೆ.

ಈ ಗುಂಪಿನಲ್ಲಿ ಒಂದು ವಿಚಿತ್ರ ವರ್ಗ ಇದೆ: ನೋವಿನ ಮಾತ್ರೆಯಿಂದಲೇ ತಲೆನೋವು ತಂದುಕೊಂಡವರು. ಅದೇ ಸಮೀಕ್ಷೆಯಲ್ಲಿ ಇಂಥವರು ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಇದ್ದರು. ಬರೀ ಪ್ಯಾರಾಸಿಟಮಾಲ್ ಥರದ ಮಾತ್ರೆಯಾದರೆ ತಿಂಗಳಿಗೆ 15 ದಿನ, ಕೆಫೀನ್ ಮತ್ತೊಂದು ಸೇರಿಸಿದ ಮಿಶ್ರ ಮಾತ್ರೆಯೋ ಟ್ರಿಪ್ಟಾನ್ ಎಂಬ ಮೈಗ್ರೇನ್ ಮಾತ್ರೆಯೋ ಆದರೆ 10 ದಿನ. ಅದಕ್ಕಿಂತ ಹೆಚ್ಚು ದಿನ ನುಂಗುತ್ತಾ 3 ತಿಂಗಳು ಕಳೆದರೆ ಮಾತ್ರೆಯೇ ನೋವನ್ನು ಕರೆದು ಕೂರಿಸುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಮಾತ್ರೆಗಳಲ್ಲಿ ಇಂಥ ಮಿಶ್ರಣಗಳೇ ಬೇಕಾದಷ್ಟಿವೆ. ಇದನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣ ಇದೆ. ದಿನಾ ಮಾತ್ರೆ ನುಂಗುತ್ತಲೇ ಸೂಜಿ ಹಾಕಿಸಿಕೊಂಡರೆ ಸೂಜಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಮೊದಲು ಮಾತ್ರೆಯ ಲೆಕ್ಕ ಸರಿಹೋಗಬೇಕು, ಅದು ಡಾಕ್ಟರ ಸಲಹೆಯಲ್ಲಿ.

ಚೀನಿ ಕಣ್ಣಿನಲ್ಲಿ ತಲೆನೋವು

ಚೀನಿ ವೈದ್ಯದ ಪ್ರಕಾರ ದೇಹದಲ್ಲಿ ಚಿ ಎಂಬ ಶಕ್ತಿ ಕೆಲವು ನಾಳಗಳಲ್ಲಿ ಹರಿಯುತ್ತದೆ. ಹರಿವು ಕಟ್ಟಿಕೊಂಡರೆ ನೋವು. ಅಥವಾ ಮೇಲಿನವರೆಗೆ ತಲುಪುವಷ್ಟು ಚಿ ಮತ್ತು ರಕ್ತ ಇಲ್ಲದಿದ್ದರೂ ನೋವು. ಮೊದಲನೆಯದು ಜೋರಾಗಿ ಬಡಿಯುವ ನೋವು, ಎರಡನೆಯದು ಸುಸ್ತಾದಾಗ ಬರುವ ಮಂದ ನೋವು.

ತಲೆಯನ್ನು ಅವರು ನಾಲ್ಕು ಸೀಮೆಗಳಾಗಿ ಹಂಚಿದ್ದಾರೆ. ಹಿಂದಲೆ ಮತ್ತು ಕತ್ತು ತೈಯಾಂಗ್ ನಾಳದ್ದು. ಪಕ್ಕಗಳು ಶಾವ್‌ಯಾಂಗ್. ಹಣೆ ಯಾಂಗ್‌ಮಿಂಗ್. ನೆತ್ತಿಗೆ ಬರುವುದು ಯಕೃತ್ತಿನ ನಾಳ, ಜ್ವೆಯಿನ್. ನೋವು ಎಲ್ಲಿದೆ ಎನ್ನುವುದು ಯಾವ ನಾಳ ಅಂತ ಹೇಳುತ್ತದೆ, ನಾಳ ಯಾವ ಸೂಜಿ, ಯಾವ ಗಿಡ ಅಂತ ಹೇಳುತ್ತದೆ. ಅರೆತಲೆನೋವು ಹೆಚ್ಚಾಗಿ ಶಾವ್‌ಯಾಂಗ್ ಸೀಮೆಗೆ ಬೀಳುತ್ತದೆ.

ಜಾಗ ಆದ ಮೇಲೆ ಕಾರಣ. ಹೊರಗಿನಿಂದ ಬಂದದ್ದಾದರೆ ಗಾಳಿ, ಜೊತೆಗೆ ಚಳಿ, ಶಾಖ ಅಥವಾ ತೇವ. ಒಳಗಿನದ್ದಾದರೆ ಕಫ, ಹೆಪ್ಪುಗಟ್ಟಿದ ರಕ್ತ, ಮೂತ್ರಪಿಂಡದ ದೌರ್ಬಲ್ಯ ಹೀಗೆ ಹಲವು. ಇವುಗಳಲ್ಲಿ ತುಂಬಾ ಕೇಳಿಬರುವುದು ಯಕೃತ್ತಿನ ಯಾಂಗ್, ಅಂದರೆ ಬಿಸಿಯ ಗುಣ, ಮೇಲೇರುವುದು. ಅವರ ಲೆಕ್ಕದಲ್ಲಿ ಯಕೃತ್ತು ಸಿಟ್ಟಿನ ಮನೆ. ಸಿಟ್ಟು, ಒತ್ತಡ, ನಿದ್ದೆಗೇಡು ಜಾಸ್ತಿಯಾದರೆ ಅಲ್ಲಿನ ಶಾಖ ತಲೆಗೆ ನುಗ್ಗುತ್ತದೆ. ಕಣತಲೆ ಮಿಡಿಯುತ್ತದೆ, ಮುಖ ಕೆಂಪಾಗುತ್ತದೆ, ತಲೆ ಸುತ್ತುತ್ತದೆ, ಬಾಯಿ ಕಹಿ, ನಾಡಿ ಬಿಗಿದ ತಂತಿಯ ಥರ.

ಈ ವಿವರ ಓದಿದ ಮೈಗ್ರೇನ್ ರೋಗಿಗೆ ಇದು ತನ್ನದೇ ಕತೆ ಅನ್ನಿಸಿದರೆ ಆಶ್ಚರ್ಯ ಇಲ್ಲ. ನನ್ನ ಪ್ರಕಾರ ಚೀನಿ ವೈದ್ಯರ ಬಲ ಇರುವುದು ಇಲ್ಲಿ. ಅವರು ರೋಗಿಯನ್ನು ಚೆನ್ನಾಗಿ ನೋಡಿದ್ದಾರೆ, ಎರಡು ಸಾವಿರ ವರ್ಷ ನೋಡಿದ್ದಾರೆ. ಆದರೆ ನೋಡಿದ್ದು ಸರಿ ಎಂದ ಮಾತ್ರಕ್ಕೆ ಕೊಟ್ಟ ಕಾರಣವೂ ಸರಿ ಆಗಬೇಕಿಲ್ಲ. ನಾಳಗಳನ್ನು ಯಾರೂ ದೇಹ ಬಿಚ್ಚಿ ತೋರಿಸಿಲ್ಲ. ಯಕೃತ್ತಿಗೂ ಮೈಗ್ರೇನ್‌ಗೂ ಅಂಥ ನಂಟು ಸಿಕ್ಕಿಲ್ಲ. ಒಬ್ಬನೇ ರೋಗಿಯನ್ನು ಇಬ್ಬರು ಚೀನಿ ವೈದ್ಯರು ನೋಡಿ ಬೇರೆ ಬೇರೆ ಕಾರಣ ಹೇಳುವುದೂ ಉಂಟು.

ಇನ್ನೊಂದು ವಿಷಯ. ಎರಡು ಸಾವಿರ ವರ್ಷ ಎಂದಾಗ ಇವತ್ತಿನ ರೂಪದಲ್ಲೇ ಇಳಿದು ಬಂತು ಅಂತ ಅಂದುಕೊಳ್ಳುತ್ತೇವೆ. ಹಾಗಿಲ್ಲ. ಮಾವಾಂಗ್‌ದ್ವೇ ಎಂಬಲ್ಲಿ ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಒಂದು ಸಮಾಧಿಯನ್ನು 1973ರಲ್ಲಿ ಅಗೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯ ಬರಹಗಳು ಸಿಕ್ಕವು. ಅದರಲ್ಲಿ ನಾಳಗಳಿವೆ, ಸೊಪ್ಪು ಸುಟ್ಟು ಶಾಖ ಕೊಡುವ ಮಾತಿದೆ, ಸೂಜಿ ಚಿಕಿತ್ಸೆಯೇ ಇಲ್ಲ. ಸೂಜಿಯ ಪೂರಾ ವಿವರ ಬರುವುದು ಆಮೇಲೆ, ಹಳದಿ ಚಕ್ರವರ್ತಿಯ ಹೆಸರಿನಲ್ಲಿರುವ ವೈದ್ಯ ಗ್ರಂಥದಲ್ಲಿ. 1822ರಲ್ಲಿ ಚೀನಾದ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನು ಹೊರಗೆ ಹಾಕಿದ. 1929ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಮಿತಿಯೊಂದು ಹಳೆ ವೈದ್ಯವನ್ನೇ ಕೈಬಿಡುವ ಗೊತ್ತುವಳಿ ತಂದಿತು. ವೈದ್ಯರು ಬೀದಿಗೆ ಇಳಿದ ಮೇಲೆ ಅದು ನಿಂತಿತು. ಇವತ್ತು ಪಾಠ ಹೇಳುವ ಪದ್ಧತಿ ಗಟ್ಟಿಯಾದದ್ದು 1950ರ ದಶಕದಲ್ಲಿ. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಜೌ, ಚೆಂಗ್ಡುಗಳಲ್ಲಿ ಕಾಲೇಜು ತೆರೆದರು. ಊರೂರಿಗೆ, ಮನೆತನಕ್ಕೆ ಬೇರೆ ಬೇರೆ ಇದ್ದದ್ದನ್ನು ಸೋಸಿ ಒಂದು ಪಠ್ಯ ಮಾಡಿದರು.

ಸೂಜಿ ಹಾಕುವುದು ಹೇಗೆ

ಸೂಜಿ ಅಂದ ಕೂಡಲೇ ಇಂಜೆಕ್ಷನ್ ನೆನಪಾಗುತ್ತದೆ. ಇದು ಅಷ್ಟು ದಪ್ಪ ಇಲ್ಲ. ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಎಳೆ, ಒಳಗೆ ಟೊಳ್ಳು ಇಲ್ಲ, ಔಷಧಿ ಏನೂ ಹೋಗುವುದಿಲ್ಲ. ಒಮ್ಮೆ ಬಳಸಿ ಎಸೆಯುವಂಥದ್ದು. ಸೂಜಿ ಹಾಕಿ 20–30 ನಿಮಿಷ ಮಲಗಿಸುತ್ತಾರೆ.

ತಲೆನೋವಿಗೆ ಮತ್ತೆ ಮತ್ತೆ ಬರುವ ಜಾಗಗಳು ಇವು. ಫೆಂಗ್‌ಚಿ, ಕತ್ತಿನ ಹಿಂದೆ ತಲೆಬುರುಡೆಯ ಅಂಚಿನ ಕೆಳಗಿನ ಎರಡು ಗುಳಿಗಳು. ತಲೆ ನೋಯುವಾಗ ನಮ್ಮ ಹೆಬ್ಬೆರಳು ತಾನಾಗಿ ಹೋಗಿ ಒತ್ತುವ ಜಾಗವೇ ಅದು. ತೈಯಾಂಗ್, ಕಣತಲೆಯ ತಗ್ಗು. ಹಿಂದಲೆಯ ನಾಳಕ್ಕೂ ಇದಕ್ಕೂ ಹೆಸರು ಒಂದೇ, ಜಾಗ ಬೇರೆ. ಬೈಹುಯಿ, ನೆತ್ತಿ. ಇವು ತಲೆಯಲ್ಲೇ ಇರುವುದರಿಂದ ವಿಚಿತ್ರ ಅನ್ನಿಸುವುದಿಲ್ಲ. ಆದರೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಹೆಗು, ಪಾದದ ಮೇಲೆ ಹೆಬ್ಬೆರಳು ಎರಡನೇ ಬೆರಳುಗಳ ನಡುವಿನ ತೈಚೋಂಗ್, ಇವಕ್ಕೂ ಸೂಜಿ ಬೀಳುತ್ತದೆ. ತಲೆನೋವು ಅಂತ ಹೋದವರ ಪಾದಕ್ಕೆ ಯಾಕೆ ಚುಚ್ಚುತ್ತಾರೆ ಎಂದರೆ ಯಕೃತ್ತಿನ ನಾಳ ಅಲ್ಲಿಂದ ಶುರುವಾಗುತ್ತದೆ ಅನ್ನುವುದು ಅವರ ಉತ್ತರ.

ಸೂಜಿ ಹೊಕ್ಕ ಮೇಲೆ ಸ್ವಲ್ಪ ತಿರುಗಿಸುತ್ತಾರೆ. ಆಗ ಮಂದವಾದ ನೋವು, ಭಾರ, ಜುಮ್ಮೆನ್ನುವುದು ಕಾಣಬೇಕು. ಅದಕ್ಕೆ ದೆಚಿ ಎನ್ನುತ್ತಾರೆ. ಅದು ಬಂದರೇ ಸೂಜಿ ಸರಿಯಾಗಿ ಕೂತಿತು ಎಂದು ಲೆಕ್ಕ. ಒಂದೆರಡು ಸಲಕ್ಕೆ ಇದು ಮುಗಿಯುವುದಿಲ್ಲ. ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ 8ರಿಂದ 20 ಸಲ, ಒಂದೆರಡು ತಿಂಗಳಲ್ಲಿ ಹಂಚಿ ಕೊಟ್ಟಿದ್ದಾರೆ. ಕೆಲವರು ಸೂಜಿಗೆ ಸಣ್ಣ ಕರೆಂಟ್ ಕೊಡುತ್ತಾರೆ. ಬೆನ್ನಿಗೆ ಬಟ್ಟಲು ಕೂರಿಸುವುದು, ಚರ್ಮ ಕೆರೆಯುವುದು ಕೂಡ ಈ ಪದ್ಧತಿಯಲ್ಲಿ ಇವೆ. ತಲೆನೋವಿಗೆ ಅವುಗಳ ಪುರಾವೆ ತೀರಾ ತೆಳು.

ಪರೀಕ್ಷೆಗಳು ಏನು ಹೇಳಿದವು

ಈ ಕತೆಯ ಸ್ವಾರಸ್ಯ ಇರುವುದು ಜರ್ಮನಿಯಲ್ಲಿ. 2000ದ ಸುಮಾರಿಗೆ ಅಲ್ಲಿನ ವಿಮಾ ನಿಧಿಗಳು ಅಕ್ಯುಪಂಕ್ಚರ್‌ಗೆ ದುಡ್ಡು ಕೊಡಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ ಸಿಕ್ಕಿಬಿದ್ದವು. ಪರೀಕ್ಷೆ ಮಾಡಿ ನೋಡಿಯೇಬಿಡೋಣ ಎಂದು ದೊಡ್ಡ ದೊಡ್ಡ ಪ್ರಯೋಗಗಳಿಗೆ ಹಣ ಹಾಕಿದವು.

2005ರಲ್ಲಿ ಬಂದ ಒಂದರಲ್ಲಿ 302 ಮೈಗ್ರೇನ್ ರೋಗಿಗಳಿದ್ದರು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್. ಇನ್ನೊಂದಕ್ಕೆ ತೋರಿಕೆಯದು, ಅಂದರೆ ಚೀನಿ ನಕ್ಷೆಯಲ್ಲಿ ಇಲ್ಲದ ಜಾಗಗಳಲ್ಲಿ ಮೇಲೆ ಮೇಲೆ ಚುಚ್ಚಿದ ಸೂಜಿ. ಮೂರನೆಯವರು ಕಾಯುವ ಪಟ್ಟಿಯಲ್ಲಿ. ನೋವಿನ ದಿನಗಳು ಅರ್ಧಕ್ಕೆ ಇಳಿದವರು ನಿಜ ಗುಂಪಿನಲ್ಲಿ ಶೇ. 51, ತೋರಿಕೆ ಗುಂಪಿನಲ್ಲಿ ಶೇ. 53, ಕಾಯುವವರಲ್ಲಿ ಶೇ. 15. ಇನ್ನೊಮ್ಮೆ ಓದಿ. ಸೂಜಿ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಭಾರೀ ವ್ಯತ್ಯಾಸ. ಸರಿಯಾದ ಜಾಗಕ್ಕೂ ತಪ್ಪು ಜಾಗಕ್ಕೂ ವ್ಯತ್ಯಾಸವೇ ಇಲ್ಲ!

ಮರುವರ್ಷದ ಪ್ರಯೋಗ ಇನ್ನೂ ದೊಡ್ಡದು, 960 ಜನ. ಇಲ್ಲಿ ಮೂರನೇ ಗುಂಪಿಗೆ ಮೈಗ್ರೇನ್ ತಡೆಯುವ ಮಾಮೂಲಿ ಮಾತ್ರೆ. ಗುಂಪು ಹಂಚಿದ ಕೂಡಲೇ 125 ಜನ ಎದ್ದು ಹೋದರು, ಅದರಲ್ಲಿ 106 ಮಂದಿ ಮಾತ್ರೆ ಗುಂಪಿಗೆ ಬಿದ್ದವರು. ಅವರಿಗೆ ಸೂಜಿಯೇ ಬೇಕಿತ್ತು. ಫಲಿತಾಂಶ: ನಿಜ ಸೂಜಿ ಶೇ. 47, ತೋರಿಕೆ ಸೂಜಿ ಶೇ. 39, ಮಾತ್ರೆ ಶೇ. 40. ಲೆಕ್ಕದ ದೃಷ್ಟಿಯಲ್ಲಿ ಮೂರೂ ಸಮ. ಹಾಗಾದರೆ ಸೂಜಿ ಮಾತ್ರೆಯಷ್ಟೇ ಒಳ್ಳೆಯದು ಎನ್ನಬೇಕೋ, ಸುಳ್ಳು ಸೂಜಿಯಷ್ಟೇ ಒಳ್ಳೆಯದು ಎನ್ನಬೇಕೋ? ಎರಡೂ ನಿಜವೇ. ಕೊನೆಗೆ ಜರ್ಮನಿಯ ವಿಮೆ 2007ರಿಂದ ಸೊಂಟನೋವು, ಮಂಡಿನೋವಿಗೆ ಸೂಜಿಯ ಖರ್ಚು ಕೊಡಲು ಒಪ್ಪಿತು. ತಲೆನೋವಿಗೆ ಒಪ್ಪಲಿಲ್ಲ.

ಇಂಗ್ಲೆಂಡ್ ಬೇರೆ ಪ್ರಶ್ನೆ ಕೇಳಿತು. ಸುಳ್ಳು ಸೂಜಿಯ ಗೊಡವೆಯೇ ಬೇಡ, ಮಾಮೂಲಿ ಚಿಕಿತ್ಸೆಗೆ ಇದನ್ನು ಸೇರಿಸಿದರೆ ರೋಗಿಗೆ ಏನು ಲಾಭ? 2004ರ ಆ ಪ್ರಯೋಗದಲ್ಲಿ ಹಳೆ ತಲೆನೋವಿನ 401 ಜನ ಇದ್ದರು, ಹೆಚ್ಚಿನವರಿಗೆ ಮೈಗ್ರೇನ್. ಮೂರು ತಿಂಗಳಲ್ಲಿ 12 ಸಲದವರೆಗೆ ಸೂಜಿ. ವರ್ಷಕ್ಕೆ ಹರಡಿ ನೋಡಿದರೆ ತಲೆನೋವಿನ ದಿನಗಳು ಉಳಿದವರಿಗಿಂತ 22 ಕಡಿಮೆ. ಔಷಧಿಯೂ ಡಾಕ್ಟರ್ ಹತ್ತಿರ ಓಡಾಟವೂ ಕಡಿಮೆ. 2012ರಲ್ಲಿ ಬ್ರಿಟನ್‌ನ ಸರ್ಕಾರಿ ಮಾರ್ಗಸೂಚಿ ಒತ್ತಡದ ತಲೆನೋವಿಗೆ 5ರಿಂದ 8 ವಾರಗಳಲ್ಲಿ 10 ಸಲದವರೆಗೆ ಅಕ್ಯುಪಂಕ್ಚರ್ ಪರಿಗಣಿಸಬಹುದು ಎಂದಿತು. ಮೈಗ್ರೇನ್‌ಗೂ ಅದೇ, ಆದರೆ ಟೊಪಿರಮೇಟ್, ಪ್ರೊಪ್ರನೊಲಾಲ್ ಮಾತ್ರೆಗಳು ಹೊಂದದಿದ್ದರೆ ಅಥವಾ ನಾಟದಿದ್ದರೆ.

ಆಮೇಲೆ ಚೀನಾದವರೇ ಕಟ್ಟುನಿಟ್ಟಿನ ಪ್ರಯೋಗ ಮಾಡತೊಡಗಿದರು. ಅವರ ಕೆಲವು ಪ್ರಯೋಗಗಳಲ್ಲಿ ಬಳಸಿದ ತೋರಿಕೆ ಸೂಜಿ ಚರ್ಮದೊಳಗೆ ಹೋಗುವುದೇ ಇಲ್ಲ. ಮೊಂಡು ತುದಿ, ಒತ್ತಿದರೆ ಹಿಡಿಯೊಳಗೆ ಸರಿಯುತ್ತದೆ, ನಾಟಕದ ಕತ್ತಿಯ ಹಾಗೆ. 2020ರಲ್ಲಿ 150 ಮೈಗ್ರೇನ್ ರೋಗಿಗಳಲ್ಲಿ ಹೀಗೆ ನೋಡಿದಾಗ ನಿಜ ಸೂಜಿಯವರಿಗೆ ತಿಂಗಳಿಗೆ ಸುಮಾರು 4 ದಿನ ನೋವು ಕಮ್ಮಿಯಾಯಿತು, ತೋರಿಕೆಯವರಿಗೆ 2 ದಿನ ಚಿಲ್ಲರೆ. 2022ರಲ್ಲಿ ಬಂದದ್ದು ದೀರ್ಘಕಾಲದ ಒತ್ತಡದ ತಲೆನೋವಿನದೇ ಪ್ರಯೋಗ, 218 ಜನ, 8 ವಾರದಲ್ಲಿ 20 ಸಲ. ನೋವಿನ ದಿನ ಅರ್ಧಕ್ಕೆ ಇಳಿದವರು ನಿಜ ಗುಂಪಿನಲ್ಲಿ ಶೇ. 68, ಮೇಲೆ ಮೇಲೆ ಮಾತ್ರ ಚುಚ್ಚಿದ ಗುಂಪಿನಲ್ಲಿ ಶೇ. 48.

ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಬಳಗ 2016ರಲ್ಲಿ ಮೈಗ್ರೇನ್ ಬಗ್ಗೆ 22 ಪ್ರಯೋಗ, ಸುಮಾರು 5,000 ರೋಗಿಗಳ ಲೆಕ್ಕ ಕೊಟ್ಟಿತು. ಸೂಜಿ ಹಾಕಿಸಿಕೊಂಡವರಲ್ಲಿ ಶೇ. 41 ಮಂದಿಗೆ ನೋವು ಅರ್ಧಕ್ಕಿಳಿದರೆ, ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 17. ತೋರಿಕೆ ಸೂಜಿಗೆ ಹೋಲಿಸಿದ ಪ್ರಯೋಗಗಳಲ್ಲಿ ನಿಜ ಸೂಜಿಗೆ ಶೇ. 50, ತೋರಿಕೆಗೆ ಶೇ. 41. ಎರಡನೇ ಅಂತರ ಸಣ್ಣದು, ಆದರೆ ಸೊನ್ನೆ ಅಲ್ಲ.

ಹಾಗಾದರೆ ಇದೆಲ್ಲ ಬರೀ ನಂಬಿಕೆಯ ಕೆಲಸವಾ? ಒಂದು ಪಾಲು ಹೌದು. ನೋವಿಗೆ ಸುಳ್ಳು ಚಿಕಿತ್ಸೆ ಕೂಡ ಒಂದೇ ಥರ ಇರುವುದಿಲ್ಲ. ಮೈಗ್ರೇನ್ ಪ್ರಯೋಗಗಳನ್ನು 2013ರಲ್ಲಿ ಜೋಡಿಸಿ ನೋಡಿದಾಗ ಸುಳ್ಳು ಮಾತ್ರೆಗೆ ಶೇ. 22 ಮಂದಿ ಸುಧಾರಿಸಿದ್ದರು, ಸುಳ್ಳು ಸೂಜಿಗೆ ಶೇ. 38. ಅರ್ಧ ಗಂಟೆ ಮಲಗುವುದು, ಒಬ್ಬರು ಗಮನ ಕೊಟ್ಟು ಮಾತು ಕೇಳುವುದು, ಮೈ ಮುಟ್ಟುವುದು, ಇವೆಲ್ಲ ಸೇರಿಯೇ ಕೆಲಸ ಮಾಡುತ್ತವೆ. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ನಮ್ಮ ಒಪಿಡಿಗಳಲ್ಲಿ ಇದು ಸಿಗುವುದು ಕಷ್ಟ ಅಲ್ವಾ? ಇನ್ನೊಂದು ಪಾಲಿಗೆ ದೇಹದಲ್ಲೇ ಕಾರಣ ಇರಬಹುದು. ಮುಖ ಮತ್ತು ಹಣೆಯ ನೋವು ಹೊತ್ತು ತರುವ ಟ್ರೈಜೆಮಿನಲ್ ನರವೂ ಕತ್ತಿನ ಮೇಲ್ಭಾಗದ ನರಗಳೂ ಮೆದುಳ ಬುಡದ ಹತ್ತಿರ ಒಂದೇ ಕಡೆ ಬಂದು ಸೇರುತ್ತವೆ. ಕತ್ತು ಹಿಡಿದರೆ ಹಣೆ ನೋಯುವುದು ಅದಕ್ಕೇ. ಫೆಂಗ್‌ಚಿಗೆ ಹಾಕಿದ ಸೂಜಿ ಆ ಕೂಡುದಾರಿಗೆ ಸುದ್ದಿ ಕಳಿಸುತ್ತದೆ ಎಂದು ಊಹಿಸುವುದು ತೀರಾ ದೂರದ ಮಾತಲ್ಲ. ಸೂಜಿಯಿಂದ ದೇಹದ ಸ್ವಂತ ನೋವುನಿವಾರಕಗಳಾದ ಎಂಡಾರ್ಫಿನ್‌ಗಳು ಹೊರಬರುವುದನ್ನು 1970ರ ದಶಕದಿಂದಲೇ ತೋರಿಸಿದ್ದಾರೆ. ಅದಕ್ಕೆ ಚಿ ಆಗಲಿ ಯಕೃತ್ತಿನ ಶಾಖವಾಗಲಿ ಬೇಕಾಗಿಲ್ಲ.

ನನ್ನ ತೀರ್ಮಾನ ಇಷ್ಟು. ವಿಜ್ಞಾನಿಗೆ ತೋರಿಕೆ ಸೂಜಿಯ ಜೊತೆಗಿನ ಹೋಲಿಕೆ ಮುಖ್ಯ. ತಿಂಗಳಿಗೆ ಹದಿನೈದು ದಿನ ತಲೆ ಹಿಡಿದು ಕೂರುವವರಿಗೆ ಏನೂ ಮಾಡದೆ ಇರುವುದರ ಜೊತೆಗಿನ, ಮಾತ್ರೆಯ ಜೊತೆಗಿನ ಹೋಲಿಕೆ ಮುಖ್ಯ. ಆ ಹೋಲಿಕೆಯಲ್ಲಿ ಸೂಜಿ ಸೋತಿಲ್ಲ.

ತೊಂದರೆಗಳೂ ಕಡಿಮೆಯೇ. ಜರ್ಮನಿಯಲ್ಲಿ 2,29,230 ರೋಗಿಗಳನ್ನು ಗಮನಿಸಿದಾಗ ಶೇ. 8.6 ಮಂದಿಗೆ ಏನಾದರೊಂದು ಆಗಿತ್ತು. ಹೆಚ್ಚಿನದು ಚೂರು ರಕ್ತ, ನೀಲಿಗಟ್ಟುವುದು, ನೋವು. ಇಬ್ಬರಿಗೆ ಮಾತ್ರ ಶ್ವಾಸಕೋಶಕ್ಕೆ ಸೂಜಿ ತಾಗಿ ಗಾಳಿ ಸೋರಿತ್ತು. ಹೆಗಲ ಮೇಲೆ ಸೂಜಿ ಹಾಕುವಾಗ ಈ ಭಯ ಇದ್ದೇ ಇದೆ. ಅದಕ್ಕೇ ಕಲಿತವರ ಕೈಯೇ ಆಗಬೇಕು.

ಪೂರ್ತಿ ವಾಸಿ ಆಗುತ್ತದಾ

ಚೀನಾದ ಇತಿಹಾಸದಲ್ಲೇ ಹೆಸರಾದ ತಲೆನೋವು ಒಂದಿದೆ, ಸಾವೋ ಸಾವೋನದು. ಹಾನ್ ಸಾಮ್ರಾಜ್ಯ ಮುರಿದು ಬೀಳುತ್ತಿದ್ದ ಹೊತ್ತಿನಲ್ಲಿ ಉತ್ತರ ಚೀನಾವನ್ನು ಆಳಿದವನು. ತಲೆನೋವು ಬಂದರೆ ಕಣ್ಣು ಕತ್ತಲೆ ಬರುತ್ತಿತ್ತು. ಆ ಕಾಲದ ದೊಡ್ಡ ವೈದ್ಯ ಹ್ವಾ ತ್ವೋ ಸೂಜಿ ಹಾಕಿದರೆ ತಕ್ಷಣ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಪೂರ್ತಿ ವಾಸಿ ಮಾಡು ಎಂದಾಗ ವೈದ್ಯ ಹೇಳಿದ್ದು, ಇದು ಬೇಗ ಹೋಗುವಂಥದ್ದಲ್ಲ, ಚಿಕಿತ್ಸೆ ಮಾಡುತ್ತಲೇ ಇದ್ದರೆ ಕಾಲ ತಳ್ಳಬಹುದು ಎಂದು. ಆಮೇಲೆ ಹೆಂಡತಿಗೆ ಹುಷಾರಿಲ್ಲ ಎಂದು ನೆಪ ಹೇಳಿ ಊರಿಗೆ ಹೋದವನು ಕರೆದರೂ ಬರಲಿಲ್ಲ. ಸಾವೋ ಸಾವೋ ಅವನನ್ನು ಹಿಡಿಸಿ ಕೊಲ್ಲಿಸಿದ, ಸುಮಾರು 208ರಲ್ಲಿ. ಮೂರನೇ ಶತಮಾನದ ಇತಿಹಾಸಕಾರ ಚೆನ್ ಶೌ ಇದನ್ನು ಬರೆದಿಟ್ಟಿದ್ದಾನೆ. ತಲೆಬುರುಡೆ ಸೀಳುತ್ತೇನೆ ಎಂದದ್ದಕ್ಕೆ ಕೊಂದ ಎಂಬ ಕತೆ ಬಹಳ ಜನಪ್ರಿಯ. ಅದು ಆಮೇಲಿನ ಕಾದಂಬರಿಯಲ್ಲಿ ಬಂದದ್ದು.

ಪಾಪ, ಆ ವೈದ್ಯ ಸತ್ಯವನ್ನೇ ಹೇಳಿದ್ದ. ದೀರ್ಘಕಾಲದ ತಲೆನೋವಿಗೆ ಇವತ್ತಿಗೂ ಬುಡಸಮೇತ ಕೀಳುವ ಮದ್ದು ಯಾರ ಹತ್ತಿರವೂ ಇಲ್ಲ. ನರರೋಗ ತಜ್ಞರ ಮಾತ್ರೆಯ ಗುರಿಯೂ ನೋವಿನ ದಿನಗಳನ್ನು ಅರ್ಧಕ್ಕೆ ಇಳಿಸುವುದೇ. ಸೂಜಿಯದೂ ಅಷ್ಟೇ. ಹತ್ತು ಸಲದಲ್ಲಿ ಶಾಶ್ವತ ಪರಿಹಾರ ಎಂಬ ಬೋರ್ಡ್ ಕಂಡರೆ ಮುಂದಿನ ಅಂಗಡಿ ನೋಡಿಕೊಳ್ಳಿ.

ಕಷಾಯದ ಲೆಕ್ಕ

ಚೀನಿ ಔಷಧಿಯಲ್ಲಿ ಒಂದೇ ಗಿಡ ಕೊಡುವುದು ಕಡಿಮೆ. ಏಳೆಂಟು ಗಿಡ ಸೇರಿಸುತ್ತಾರೆ. ತಲೆನೋವಿಗೆ ಹೆಸರಾದ ಒಂದು ಪುಡಿ ಚೀನಾದ ಸೋಂಗ್ ರಾಜವಂಶದ ಕಾಲದ ಸರ್ಕಾರಿ ಔಷಧ ಪಟ್ಟಿಯಿಂದ ಬಂದದ್ದು, ಅಂದರೆ ಹೆಚ್ಚುಕಡಿಮೆ ಒಂಬೈನೂರು ವರ್ಷ ಹಳೆಯದು. ಅದರ ಯಜಮಾನ ಚ್ವಾನ್‌ಶ್ಯೋಂಗ್ ಎಂಬ ಗಡ್ಡೆ, ಸಿಚುವಾನ್ ಪ್ರಾಂತ್ಯದ ಬೆಳೆ. ಜೊತೆಗೆ ಪುದೀನ ಜಾತಿಯ ಎಲೆ, ಬೈಜಿ ಎಂಬ ಬೇರು, ಅತಿಮಧುರ, ಇನ್ನೂ ಕೆಲವು. ಇದನ್ನು ಹಸಿರು ಚಹಾದಲ್ಲಿ ಕಲಸಿ ಕುಡಿಯುತ್ತಾರೆ. ಇದರ ಗಿಡಗಳಲ್ಲಿ ನಾಲ್ಕು ನಮ್ಮ ಕೊತ್ತಂಬರಿ, ಜೀರಿಗೆ, ಓಮದ ಕುಟುಂಬದವು. ಘಾಟು ವಾಸನೆಯ ಗಿಡ ತಲೆಗೆ ಏರುತ್ತದೆ ಎಂಬ ನಂಬಿಕೆ ಅಲ್ಲೂ ಇದೆ.

ಯಕೃತ್ತಿನ ಯಾಂಗ್ ಏರಿದವರಿಗೆ ತ್ಯೆನ್‌ಮಾ ಮತ್ತು ಗೋತೆಂಗ್ ಸೇರಿದ ಕಷಾಯ. ತ್ಯೆನ್‌ಮಾ ಒಂದು ಆರ್ಕಿಡ್. ಎಲೆ ಇಲ್ಲ, ಹಸಿರು ಇಲ್ಲ, ಅಣಬೆಯೊಂದನ್ನು ನಂಬಿ ನೆಲದೊಳಗೆ ಗಡ್ಡೆಯಾಗಿ ಬದುಕುತ್ತದೆ. ಗೋತೆಂಗ್ ಕೊಕ್ಕೆಮುಳ್ಳಿನ ಬಳ್ಳಿ, ಕಾಫಿಯ ದಾಯಾದಿ. ಬಹಳ ಹಳೆಯದು ಅನ್ನಿಸುವ ಈ ಕಷಾಯ ಪುಸ್ತಕಕ್ಕೆ ಬಂದದ್ದು 1958ರಲ್ಲಿ! ಚಳಿಯಿಂದ ನೆತ್ತಿ ನೋಯುತ್ತದೆ, ವಾಂತಿಯೂ ಬರುತ್ತದೆ ಎನ್ನುವವರಿಗೆ ವೂಜೂಯೂ ಹಣ್ಣು, ಶುಂಠಿ, ಜಿನ್ಸೆಂಗ್, ಒಣ ಬೋರೆಹಣ್ಣಿನ ಕಷಾಯ. ಇದು ಜಪಾನಿಗೂ ಹೋಗಿದೆ. ಅಲ್ಲಿ ಡಾಕ್ಟರುಗಳೇ ಇದನ್ನು ಪುಡಿ ರೂಪದಲ್ಲಿ ಬರೆದುಕೊಡುತ್ತಾರೆ, ವಿಮೆಯೂ ಖರ್ಚು ಕೊಡುತ್ತದೆ. ಕಾರ್ಖಾನೆಯಲ್ಲಿ ಅಳೆದು ತೂಗಿ ಮಾಡುವುದರಿಂದ ಒಳಗೆ ಏನಿದೆ ಅಂತ ಗೊತ್ತಿರುತ್ತದೆ.

ಇವುಗಳ ಮೇಲೂ ನೂರಾರು ಪ್ರಯೋಗ ನಡೆದಿದೆ. ಬಹುಪಾಲು ಸಣ್ಣವು, ಯಾರಿಗೆ ಏನು ಕೊಟ್ಟರು ಎಂದು ರೋಗಿಗೂ ವೈದ್ಯರಿಗೂ ಗೊತ್ತಿದ್ದವು. ಅಂಥ ಪ್ರಯೋಗಗಳಲ್ಲಿ ಎಲ್ಲ ಮದ್ದೂ ಗೆಲ್ಲುತ್ತದೆ. ಹಾಗಾಗಿ ಒಳ್ಳೆಯದಾಗಬಹುದು ಎನ್ನುವುದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯ ಇಲ್ಲ.

ಅಪಾಯದ ಬಗ್ಗೆ ಮಾತ್ರ ಧೈರ್ಯವಾಗಿ ಹೇಳಬಹುದು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನಿ ಗಿಡದ ಮಾತ್ರೆ ನುಂಗಿದ ಹೆಂಗಸರ ಮೂತ್ರಪಿಂಡಗಳು ಒಂದಾದ ಮೇಲೊಂದು ಕೆಟ್ಟವು. ಕೊನೆಗೆ ಅಂಥವರ ಸಂಖ್ಯೆ ನೂರು ದಾಟಿತು. ಹುಡುಕಿದಾಗ ತಿಳಿದದ್ದು, ಒಂದು ಗಿಡದ ಬದಲು ಹೆಸರು ಹೋಲುವ ಇನ್ನೊಂದು ಗಿಡ ಸೇರಿಬಿಟ್ಟಿತ್ತು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡ ಕೆಡಿಸುವುದಷ್ಟೇ ಅಲ್ಲ, ಮೂತ್ರದ ದಾರಿಯಲ್ಲಿ ಕ್ಯಾನ್ಸರ್ ಕೂಡ ತರುತ್ತದೆ. ಹಾಳಾದ ಮೂತ್ರಪಿಂಡ ತೆಗೆಸಿಕೊಂಡ 39 ಜನರಲ್ಲಿ 18 ಮಂದಿಗೆ ಕ್ಯಾನ್ಸರ್ ಸಿಕ್ಕಿತು. ತಲೆನೋವಿಗೆ ಇದರ ಸಂಬಂಧ ಏನು ಎಂದರೆ, ಮೇಲೆ ಹೇಳಿದ ಚಹಾ ಪುಡಿಯಲ್ಲಿ ಶೀಶಿನ್ ಎಂಬ ಗಿಡ ಇದೆ, ಅದೂ ಆ ಆಮ್ಲ ಇರುವ ಗಿಡಗಳ ಕುಟುಂಬದ್ದೇ. ಬೇರಿನಲ್ಲಿ ಕಡಿಮೆ, ಎಲೆಯಲ್ಲಿ ಜಾಸ್ತಿ. ಅದಕ್ಕೇ ಚೀನಾ 2005ರಲ್ಲಿ ಅಧಿಕೃತ ಪಟ್ಟಿಯಲ್ಲಿ ಬೇರು ಮಾತ್ರ ಬಳಸಿ ಎಂದು ತಿದ್ದಿತು. ಇದು ಚೀನಿಯರ ಸಮಸ್ಯೆ ಮಾತ್ರ ಅಂತ ನಾವು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ನಮ್ಮ ನಾಟಿ ಮದ್ದಿನಲ್ಲಿ ಬರುವ ಈಶ್ವರಿ ಬಳ್ಳಿಯಲ್ಲೂ ಇದೇ ಆಮ್ಲ ಇದೆ.

ಇನ್ನು ಸಣ್ಣ ಅಪಾಯಗಳು. ಅತಿಮಧುರ ಜಾಸ್ತಿ ದಿನ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಚೀನಿ ಮದ್ದಿನ ದಾನ್‌ಶೆನ್, ದಾಂಗ್‌ಗ್ವೇ ಬೇರುಗಳು ರಕ್ತ ತೆಳು ಮಾಡುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯ. ಬರೀ ಚೀನಿ ಅಕ್ಷರ ಇರುವ ಪೊಟ್ಟಣವನ್ನು ಆನ್‌ಲೈನಿನಲ್ಲಿ ತರಿಸಿ, ಗಿಡಮೂಲಿಕೆ ಅಲ್ವಾ ಏನಾಗುತ್ತದೆ ಎಂದು ಕುದಿಸಿ ಕುಡಿಯಬೇಡಿ.

ನಮ್ಮಲ್ಲಿ ಸೂಜಿ ಹಾಕಿಸಿಕೊಳ್ಳುವವರಿಗೆ

ಭಾರತಕ್ಕೆ ಅಕ್ಯುಪಂಕ್ಚರ್ ಬಂದದ್ದು ಒಂದು ಯುದ್ಧದ ನೆನಪಿನ ಹಿಂದೆ. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ನೆರವಾಗಲು ಐವರು ಭಾರತೀಯ ವೈದ್ಯರು ಹೋದರು. ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲೇ ತೀರಿಕೊಂಡರು. ಜೊತೆಗಿದ್ದ ಕಲ್ಕತ್ತೆಯ ಡಾ. ಬಿಜಯ ಕುಮಾರ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿ ವಿದ್ಯೆ ಕಲಿತು ಬಂದು ಇಲ್ಲಿ ಶುರುಮಾಡಿದರು. ಈಗ ನಮ್ಮ ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಪದವಿಯಲ್ಲಿ ಇದನ್ನು ಕಲಿಸುತ್ತಾರೆ. ಉಜಿರೆ, ಮೈಸೂರಿನಂಥ ಕಡೆ ಈ ಕಾಲೇಜುಗಳಿವೆ. ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ. ಹಾಗಾಗಿ ಎಲ್ಲಿ ಕಲಿತಿರಿ, ಎಷ್ಟು ವರ್ಷ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಸೂಜಿಯ ಪೊಟ್ಟಣ ನಿಮ್ಮ ಎದುರೇ ಒಡೆಯಲಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ ಮೊದಲೇ ಹೇಳಿ. ಹೆಗು ಮೊದಲಾದ ಕೆಲವು ಜಾಗಗಳನ್ನು ಬಸುರಿನಲ್ಲಿ ಬಿಡುವುದು ವಾಡಿಕೆ. ನರರೋಗ ತಜ್ಞರು ಕೊಟ್ಟ ಮಾತ್ರೆಯನ್ನು ಸೂಜಿಯವರ ಮಾತು ಕೇಳಿ ನಿಲ್ಲಿಸಬೇಡಿ.

ಕೆಲವು ತಲೆನೋವುಗಳಿಗೆ ಸೂಜಿಯೂ ಬೇಡ, ಕಷಾಯವೂ ಬೇಡ, ನೇರ ಆಸ್ಪತ್ರೆ. ಸಿಡಿಲು ಬಡಿದ ಹಾಗೆ ಒಮ್ಮೆಗೇ ಬಂದದ್ದು. ಜ್ವರ, ಕತ್ತು ಬಿಗಿತ, ಮಂಪರು ಇದ್ದದ್ದು. ಕೈಕಾಲು ಸೋತರೆ, ಮಾತು ತೊದಲಿದರೆ, ಕಣ್ಣು ಮಂಜಾದರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾದರೆ. 50 ದಾಟಿದವರಿಗೆ ಹೊಸದಾಗಿ ಬಂದರೆ. ಹಳೆ ತಲೆನೋವೇ ಆದರೂ ಅದರ ರೀತಿ ಬದಲಾದರೆ. ಇಂಥ ಕಡೆ ಯಕೃತ್ತಿನ ಯಾಂಗ್ ಹುಡುಕುತ್ತಾ ಕೂತರೆ ಜೀವಕ್ಕೇ ಕುತ್ತು.

ಹಾಗೇನೂ ಇಲ್ಲದೆ ಸುಮ್ನೆ ವರ್ಷಗಟ್ಟಲೆ ಕಾಡುತ್ತಿರುವ ತಲೆನೋವಾದರೆ, ಸೂಜಿ ಶುರು ಮಾಡುವ ಒಂದು ತಿಂಗಳು ಮೊದಲೇ ಕ್ಯಾಲೆಂಡರ್ ಮೇಲೆ ಗುರುತು ಹಾಕಲು ಶುರು ಮಾಡಿ. ನೋವಿನ ದಿನಕ್ಕೊಂದು ಗೆರೆ, ಮಾತ್ರೆ ನುಂಗಿದ ದಿನಕ್ಕೊಂದು ಚುಕ್ಕೆ. ಚಿಕಿತ್ಸೆಯ ದಿನಗಳಲ್ಲೂ ಬಿಡಬೇಡಿ. ಎಂಟು ಹತ್ತು ಸಲ ಆದ ಮೇಲೆ ಗೆರೆಗಳು ಅರ್ಧಕ್ಕೆ, ಹೋಗಲಿ ಮೂರರಲ್ಲಿ ಒಂದು ಪಾಲಾದರೂ ಇಳಿದಿದ್ದರೆ ಮುಂದುವರಿಸುವ ಮಾತಾಡಬಹುದು. ಅಷ್ಟೇ ಇದ್ದರೆ ಇನ್ನೂ ಹತ್ತು ಸಲದ ಪ್ಯಾಕೇಜಿಗೆ ದುಡ್ಡು ಕಟ್ಟಬೇಡಿ.